ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ

ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮವೆಂದರೆ ಪಕ್ಷಿ ನೋಡುವ ಹವ್ಯಾಸದವರಿಗೆ ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿ ಇಳಿಯುತ್ತವೆ. ಇತಿಹಾಸದ ಆಸಕ್ತಿ ಇರುವವರಿಗೆ ಊರಿನ ಹಳೆಯ ಹೆಸರಾದ ಹದಿನಾಡು, ಯದುರಾಯ ಮತ್ತು 1399ರಲ್ಲಿ ಮೈಸೂರು ಒಡೆಯರ ವಂಶ ಬೇರೂರಿದ ಐತಿಹ್ಯ ನೆನಪಾಗುತ್ತದೆ. ಊರಿನಲ್ಲೇ ಹುಟ್ಟಿ ಬೆಳೆದು ಈಗ ಬಿ.ಎ., ಬಿ.ಕಾಂ. ಓದುತ್ತಿರುವವರಿಗೆ ಬೆಳಗಾದರೆ ಬಸ್ಸಿನದೇ ಚಿಂತೆ. ನಂಜನಗೂಡಿಗೆ ಹೋಗುವವರು ಒಂದು ಕಡೆ, ತಿ. ನರಸೀಪುರಕ್ಕೆ ಹೋಗುವವರು ಇನ್ನೊಂದು ಕಡೆ, ಮೈಸೂರಿಗೇ ಸೇರಿಕೊಂಡವರು ಮತ್ತೊಂದು ಕಡೆ. ಬೆಳಗ್ಗೆ ಹೊರಟವರು ಸಂಜೆ ಹೊತ್ತಿಗೆ ಊರು ಸೇರಬೇಕು.

ಈ ಹುಡುಗ ಹುಡುಗಿಯರ ಕೈಯಲ್ಲಿ ದಿನಕ್ಕೆ ಹತ್ತೋ ಇಪ್ಪತ್ತೋ ಮೂವತ್ತೋ ರೂಪಾಯಿ ಇರುತ್ತದೆ. ತಾಲ್ಲೂಕು ಕೇಂದ್ರದ ಕಾಲೇಜಿಗೆ ಸುತ್ತಲಿನ ಹಳ್ಳಿಗಳಿಂದ ಹೀಗೆ ನೂರಾರು ಮಂದಿ ಬರುತ್ತಾರೆ. ಲೆಕ್ಕ ಹಾಕಿದರೆ ಸಣ್ಣ ವ್ಯಾಪಾರವೇನಲ್ಲ. ಆದರೂ ಮಣಿಪಾಲದಲ್ಲೋ ಮೈಸೂರಿನಲ್ಲೋ ಕಾಲೇಜಿನ ಸುತ್ತ ಸಾಲುಗಟ್ಟಿ ನಿಂತಿರುವ ದೊಡ್ಡ ಕಂಪನಿಗಳ ಚಿಕ್ಕ ಮಳಿಗೆಗಳು ತಾಲ್ಲೂಕು ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಗೇಟಿನವರೆಗೆ ಬರಲು ಹಿಂದೆಮುಂದೆ ನೋಡುತ್ತವೆ. ಇದಕ್ಕೆ ಬಡತನವೊಂದೇ ಕಾರಣ ಎಂದುಕೊಂಡರೆ ಅರ್ಧ ಮಾತ್ರ ನಿಜ. ವಿದ್ಯಾರ್ಥಿ ಸಂಜೆಯನ್ನು ಎಲ್ಲಿ ಕಳೆಯುತ್ತಾನೆ ಎಂಬುದು ಉಳಿದರ್ಧ.

ದೊಡ್ಡವರು ಚಿಕ್ಕದಾದ ಕಥೆ

ಅಮೆರಿಕದ ಟಾರ್ಗೆಟ್ ಕಂಪನಿಯ ಮಾಮೂಲಿ ಮಳಿಗೆ ಸುಮಾರು 1,30,000 ಚದರ ಅಡಿಯದು. ಊರ ಹೊರಗಿನ ವಿಶಾಲ ಜಾಗ, ಮುಂದೆ ನೂರಾರು ಕಾರು ನಿಲ್ಲುವಷ್ಟು ಬಯಲು. 2014ರ ಜುಲೈನಲ್ಲಿ ಅದೇ ಕಂಪನಿ ಮಿನಿಯಾಪೊಲಿಸ್ ನಗರದ ಡಿಂಕಿಟೌನ್ ಎಂಬಲ್ಲಿ ಸುಮಾರು 20,000 ಚದರ ಅಡಿಯ ಪುಟ್ಟ ಅಂಗಡಿ ತೆರೆಯಿತು. ಡಿಂಕಿಟೌನ್ ಇರುವುದು ಮಿನ್ನೆಸೋಟ ವಿಶ್ವವಿದ್ಯಾಲಯದ ಪಕ್ಕದಲ್ಲಿ. ಮರುವರ್ಷ ಬರ್ಕ್ಲಿ ವಿಶ್ವವಿದ್ಯಾಲಯದ ಬಳಿಯೂ ಇಂಥದ್ದೇ ಮಳಿಗೆ ಬಂತು. ಕಾರಿಲ್ಲದ, ಕೋಣೆಯಲ್ಲಿ ಸಾಮಾನು ತುಂಬಿಡಲು ಜಾಗವೂ ಇಲ್ಲದ ವಿದ್ಯಾರ್ಥಿ ವಾರಕ್ಕೊಮ್ಮೆ ತಳ್ಳುಗಾಡಿ ತುಂಬುವ ಗಿರಾಕಿಯಲ್ಲ. ಒಂದು ಸೋಪು, ಒಂದು ಚಾರ್ಜರ್, ಒಂದು ಪೊಟ್ಟಣ ನೂಡಲ್ಸ್ ಎಂದು ದಿನಕ್ಕೆರಡು ಸಲ ಬರುವವನು. ಅವನಿರುವ ಕಡೆಗೇ ಅಂಗಡಿ ಹೋಯಿತು.

ಅಂಗಡಿಯ ವೇಳೆಯನ್ನು ಬದಲಿಸಿದ ಕೀರ್ತಿಯೂ ಒಂದು ಕಾಲೇಜು ಊರಿಗೆ ಸಲ್ಲುತ್ತದೆ. 1927ರಲ್ಲಿ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಮಂಜುಗಡ್ಡೆ ಮಾರುವ ಕಟ್ಟೆಯಾಗಿ ಶುರುವಾದ ಸೆವೆನ್ ಇಲೆವೆನ್, ಹೆಸರೇ ಹೇಳುವಂತೆ ಬೆಳಗ್ಗೆ 7ರಿಂದ ರಾತ್ರಿ 11ರವರೆಗೆ ತೆರೆದಿರುತ್ತಿತ್ತು. 1960ರ ದಶಕದ ಆರಂಭದಲ್ಲಿ ಆಸ್ಟಿನ್ ನಗರದಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯದ ಸಮೀಪದ ಅದರ ಅಂಗಡಿಯೊಂದಕ್ಕೆ ಫುಟ್‌ಬಾಲ್ ಪಂದ್ಯ ಮುಗಿದ ರಾತ್ರಿ ಗಿರಾಕಿಗಳ ದಂಡು ಬಂದು ಬಾಗಿಲು ಹಾಕಲು ಆಗಲೇ ಇಲ್ಲವಂತೆ. ಇಡೀ ರಾತ್ರಿ ತೆರೆದಿಟ್ಟರೂ ವ್ಯಾಪಾರ ಆಗುತ್ತದೆ ಎಂಬ ಪಾಠ ಕಂಪನಿಗೆ ಅಲ್ಲಿ ಸಿಕ್ಕಿತು. ಆ ಹೆಸರಿನ ಮಳಿಗೆ ಭಾರತಕ್ಕೆ ಬಂದಿದ್ದು 2021ರ ಅಕ್ಟೋಬರಿನಲ್ಲಿ, ರಿಲಯನ್ಸ್ ಮೂಲಕ, ಮುಂಬೈನ ಅಂಧೇರಿಗೆ.

ಆದರೆ 20,000 ಚದರ ಅಡಿಯನ್ನು ಚಿಕ್ಕದು ಎನ್ನುವುದು ಅಮೆರಿಕದ ಲೆಕ್ಕ. ನಂಜನಗೂಡಿನ ಪೇಟೆಬೀದಿಯಲ್ಲಿ ಅಷ್ಟು ಜಾಗದಲ್ಲಿ ಹತ್ತಾರು ದಿನಸಿ ಅಂಗಡಿ, ಒಂದೆರಡು ಬೇಕರಿ, ಜೆರಾಕ್ಸ್ ಅಂಗಡಿ, ಮೊಬೈಲ್ ರಿಪೇರಿ ಎಲ್ಲ ಹಿಡಿಸಿಬಿಡುತ್ತವೆ. ನಮ್ಮಲ್ಲಿ ಅಂಗಡಿ ಹುಟ್ಟುವಾಗಲೇ ಚಿಕ್ಕದು. ಹಾಗಾಗಿ ಇಲ್ಲಿ ಕಂಪನಿಗೆ ಎದುರಾಗುವ ಪ್ರಶ್ನೆ ಬೇರೆ. ಮೊದಲೇ ಚಿಕ್ಕದಾಗಿ, ಕಡಿಮೆ ಖರ್ಚಿನಲ್ಲಿ, ಮನೆಮಂದಿಯೇ ನಡೆಸುತ್ತಿರುವ ಅಂಗಡಿಯ ಪಕ್ಕದಲ್ಲಿ ಬಾಡಿಗೆ, ಸಂಬಳ, ಎ.ಸಿ., ಕಂಪ್ಯೂಟರ್ ಬಿಲ್ಲು ಇಟ್ಟುಕೊಂಡು ಬದುಕುವುದು ಹೇಗೆ?

ಮಾಲೀಕರಿಲ್ಲದ ಸರಪಳಿಗಳು

ಕರ್ನಾಟಕದಲ್ಲಿ ಕಾಲೇಜು ಹುಡುಗರನ್ನು ನಂಬಿ ಅಂಗಡಿ ಇಡುವುದು ಹೊಸದಲ್ಲ. ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾಗಿದ್ದು ಅಕ್ಕಪಕ್ಕದ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ತಿಂಡಿ ಕೊಡುವ ಚಿಕ್ಕ ಹೋಟೆಲಾಗಿ. ಹೆಸರು ಬಂದಿದ್ದೂ ಅವರಿಂದಲೇ. ಉಡುಪಿ ಹೋಟೆಲುಗಳದಂತೂ ಯಾವ ಕೇಂದ್ರ ಕಚೇರಿಯೂ ಇಲ್ಲದೆ ದೇಶವಿಡೀ ಹಬ್ಬಿದ ಬಳಗ. ಯಾವ ಊರಿಗೆ ಹೋದರೂ ಅದೇ ಇಡ್ಲಿ, ಅದೇ ಸಾಂಬಾರು, ಬಾಗಿಲಲ್ಲಿ ಅದೇ ಗಲ್ಲಾಪೆಟ್ಟಿಗೆ.

ಅಯ್ಯಂಗಾರ್ ಬೇಕರಿಯದು ಇನ್ನೂ ಸೊಗಸಾದ ಉದಾಹರಣೆ. ಹಾಸನ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಇಟ್ಟರು. ಅವರ ಹಿಂದೆ ನೆಂಟರಿಷ್ಟರು, ಊರಿನವರು ಒಬ್ಬೊಬ್ಬರಾಗಿ ಕಸುಬು ಕಲಿತು ಬೇರೆ ಬೇರೆ ಬಡಾವಣೆಗಳಲ್ಲಿ ಒಲೆ ಹೂಡಿದರು. ಇವತ್ತು ಕರ್ನಾಟಕದ ಯಾವ ತಾಲ್ಲೂಕು ಊರಿನಲ್ಲೂ ‘ಅಯ್ಯಂಗಾರ್ ಬೇಕರಿ’ ಎಂಬ ಬೋರ್ಡು ಕಾಣದಿರುವುದು ಅಪರೂಪ. ಒಳಗಿರುವವರು ಅಯ್ಯಂಗಾರರೇ ಆಗಬೇಕೆಂದಿಲ್ಲ. ಪಟ್ಟಿಯಲ್ಲಿ ಮಾತ್ರ ವ್ಯತ್ಯಾಸವಿಲ್ಲ: ಖಾರಾ ಬನ್ನು, ದಿಲ್‌ಪಸಂದ್, ಪಫ್ಸ್, ಬೆಣ್ಣೆ ಬಿಸ್ಕತ್ತು, ಹನಿ ಕೇಕು. ಫ್ರಾಂಚೈಸಿ ಒಪ್ಪಂದವಿಲ್ಲ, ರಾಯಧನ ಕಟ್ಟಬೇಕಿಲ್ಲ, ಎಲ್ಲ ಕಡೆ ರುಚಿ ಹೆಚ್ಚುಕಡಿಮೆ ಒಂದೇ.

ಕಾಲೇಜಿನ ಪಕ್ಕದ ಇಂಥ ಬೇಕರಿಯೊಂದನ್ನು ಬೆಳಗ್ಗೆ ಹನ್ನೊಂದರ ಬಿಡುವಿನಲ್ಲಿ ನೋಡಬೇಕು. ಅಂಗಡಿಯ ಅಗಲ ಹತ್ತಡಿ. ಮುಂದೆ ಗಾಜಿನ ಕಪಾಟು, ಅದರ ಮೇಲೆ ಸಾಲು ಜಾಡಿ, ಪಕ್ಕದಲ್ಲಿ ತಂಪು ಪಾನೀಯ ಕಂಪನಿಯವರು ಕೊಟ್ಟ ಫ್ರಿಜ್ಜು. ಒಳಗೆ ಕೂರಲು ಜಾಗವಿಲ್ಲ, ಫುಟ್‌ಪಾತೇ ಡೈನಿಂಗ್ ಹಾಲ್. ಮೂವತ್ತು ಜನ ಒಟ್ಟಿಗೆ ಕೈ ಚಾಚಿದರೂ ಗಲ್ಲಾದಲ್ಲಿ ನಿಂತವರಿಗೆ ಗಲಿಬಿಲಿಯಿಲ್ಲ. ಯಾರು ಎಗ್ ಪಫ್ಸ್ ತಗೊಂಡರು, ಯಾರು ವೆಜ್ ತಗೊಂಡರು, ಯಾರು ಟೀ ಹೇಳಿ ಒಳಗಿನ ಒಲೆ ಕಡೆ ನೋಡುತ್ತಿದ್ದಾರೆ ಎಲ್ಲ ತಲೆಯಲ್ಲೇ. “ಅಣ್ಣಾ, ಇವತ್ತಿಂದು ಬರ್ಕೊಂಡಿರಿ, ಸೋಮವಾರ ಕೊಡ್ತೀನಿ” ಎಂದವನ ಹೆಸರು ಜಾಡಿಯ ಹಿಂದಿರುವ ಉದ್ದನೆಯ ನೋಟುಬುಕ್ಕಿಗೆ ಹೋಗುತ್ತದೆ. ಹತ್ತು ನಿಮಿಷದಲ್ಲಿ ಬೆಲ್ಲು, ಬೀದಿ ಖಾಲಿ. ಈ ಹತ್ತು ನಿಮಿಷಕ್ಕೆ ಬೇಕಾದ ವೇಗವನ್ನು ಬಾರ್‌ಕೋಡ್ ಹೊಡೆದು ಬಿಲ್ಲು ಕೊಡುವ ಅಂಗಡಿ ಸುಲಭಕ್ಕೆ ತರಲಾರದು.

ಕೂತು ಕುಡಿಯುವವರು, ನಿಂತು ಕುಡಿಯುವವರು

ಕಾಲೇಜು ವಯಸ್ಸಿನವರನ್ನೇ ಗುರಿಯಾಗಿಟ್ಟುಕೊಂಡ ಕರ್ನಾಟಕದ ಅತಿ ದೊಡ್ಡ ಪ್ರಯೋಗ ಕೆಫೆ ಕಾಫಿ ಡೇ. ಚಿಕ್ಕಮಗಳೂರಿನ ಕಾಫಿ ತೋಟದ ಮನೆತನದ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ತೆರೆದಾಗ ಮಾರುತ್ತಿದ್ದುದು ಕಾಫಿಯನ್ನಷ್ಟೇ ಅಲ್ಲ, ಅದರ ಜೊತೆಗೆ ಇಂಟರ್‌ನೆಟ್ಟಿನ ಸಮಯವನ್ನು. ಇಂಟರ್‌ನೆಟ್ ಫೋನಿಗೇ ಬಂದ ಮೇಲೆ ಕೆಫೆ ಮಾರಿದ್ದು ಕೂರುವ ಜಾಗವನ್ನು. ಒಂದು ಕಾಫಿ ಹೇಳಿ ನಾಲ್ಕು ಜನ ಎರಡು ಗಂಟೆ ಕೂರಬಹುದು, ಯಾರೂ ಎಬ್ಬಿಸುವುದಿಲ್ಲ. ಮನೆಯಲ್ಲೂ ಕಾಲೇಜಿನಲ್ಲೂ ಸಿಗದ ಆ ಸಲುಗೆಗೆ ಒಂದು ತಲೆಮಾರು ದುಡ್ಡು ಕೊಟ್ಟಿತು.

2019ರ ಜುಲೈನಲ್ಲಿ ಸಿದ್ಧಾರ್ಥ ತೀರಿಕೊಂಡಾಗ ದೇಶದಲ್ಲಿ 1,700ಕ್ಕೂ ಹೆಚ್ಚು ಕೆಫೆಗಳಿದ್ದವು. ಸಾಲದ ಹೊರೆ, ಆ ಮೇಲೆ ಕೋವಿಡ್. 2023ರ ಹೊತ್ತಿಗೆ ಆ ಸಂಖ್ಯೆ 500ಕ್ಕಿಂತ ಕೆಳಗಿಳಿಯಿತು. ಅದೇ ಕಂಪನಿ ಕಚೇರಿ, ಆಸ್ಪತ್ರೆ, ಕಾಲೇಜುಗಳಂಥ ಕಡೆ ಇಡುವ ಕಾಫಿ ಯಂತ್ರಗಳು ಮಾತ್ರ ಆಗಲೂ ನಲವತ್ತು ಸಾವಿರಕ್ಕಿಂತ ಹೆಚ್ಚಿದ್ದವು. ಬಾಡಿಗೆ ಕಟ್ಟಬೇಕಾದ ಕುರ್ಚಿ ಮೇಜುಗಳು ಹೋದವು, ಎರಡಡಿ ಜಾಗ ಕೇಳುವ ಯಂತ್ರ ಉಳಿಯಿತು. ಹಾಸನ ಮೂಲದ ಹಟ್ಟಿ ಕಾಪಿ 2009ರಲ್ಲಿ ಗಾಂಧಿ ಬಜಾರಿನ ಕಿರುಜಾಗದಲ್ಲಿ ಶುರುವಾಗಿ ಬೆಳೆದಿದ್ದು ಕುರ್ಚಿಯ ಗೋಜಿಗೆ ಹೋಗದೆ, ನಿಂತು ಕುಡಿಯುವವರನ್ನು ನಂಬಿ.

ದಿನಸಿ ಕಡೆಯೂ ಒಂದು ಎಚ್ಚರಿಕೆಯ ಕಥೆ ಇದೆ. 1997ರಲ್ಲಿ ಚೆನ್ನೈನಲ್ಲಿ ಶುರುವಾದ ಸುಭಿಕ್ಷ, ಬೀದಿಗೊಂದರಂತೆ ಎ.ಸಿ. ಇಲ್ಲದ ಚಿಕ್ಕ ಮಳಿಗೆ ತೆರೆಯುತ್ತ 2008ರ ಹೊತ್ತಿಗೆ ಸುಮಾರು 1,600 ಅಂಗಡಿಗಳನ್ನು ಮುಟ್ಟಿತು. ಕರ್ನಾಟಕಕ್ಕೂ ಬಂತು. ಮರುವರ್ಷ ಕೈಯಲ್ಲಿ ನಗದು ಇಲ್ಲದೆ ಸಾಲುಸಾಲಾಗಿ ಶಟರ್ ಎಳೆಯಿತು. ಪೂರೈಕೆದಾರರಿಗೆ ಬಾಕಿ, ನೌಕರರಿಗೆ ಬಾಕಿ, ಬಾಡಿಗೆ ಬಾಕಿ. ಚಿಕ್ಕ ಅಂಗಡಿಯ ಲಾಭ ಚಿಕ್ಕದೇ. ಸಾವಿರ ಕಡೆ ಇಟ್ಟರೆ ನಷ್ಟವೂ ಸಾವಿರ ಕಡೆ.

ಹಾಸ್ಟೆಲಿನ ರಾತ್ರಿ, ಹಳ್ಳಿಯ ಸಂಜೆ

ಈಗ ತಿ. ನರಸೀಪುರದ ಕಾಲೇಜೊಂದರ ಎದುರು ಮಳಿಗೆ ಇಡಬೇಕೆಂದು ಒಂದು ಕಂಪನಿ ಲೆಕ್ಕ ಹಾಕುತ್ತಿದೆ ಎಂದುಕೊಳ್ಳೋಣ. ದಿನಕ್ಕೆ ಐನೂರು ಮಂದಿ ಬಂದು ತಲಾ ಇಪ್ಪತ್ತು ರೂಪಾಯಿ ಖರ್ಚು ಮಾಡಿದರು ಎಂದಿಟ್ಟುಕೊಂಡರೆ ವಹಿವಾಟು ಹತ್ತು ಸಾವಿರ. ನೂರಕ್ಕೆ ಹದಿನೈದರಂತೆ ಉಳಿದರೆ ಸಾವಿರದೈನೂರು. ತಿಂಗಳಿಗೆ ಇಪ್ಪತ್ತನಾಲ್ಕು ದಿನ ಕಾಲೇಜು ನಡೆದರೆ ಮೂವತ್ತಾರು ಸಾವಿರ. ಇದರಲ್ಲೇ ಬಾಡಿಗೆ, ಮೂವರ ಸಂಬಳ, ಪಿ.ಎಫ್., ಕರೆಂಟು, ಮೈಸೂರಿನ ಗೋದಾಮಿನಿಂದ ಸಾಮಾನು ತರುವ ಗಾಡಿ ಬಾಡಿಗೆ ಎಲ್ಲ ಹೋಗಬೇಕು. ಸೆಮಿಸ್ಟರ್ ಪರೀಕ್ಷೆ ಬಂದರೆ ಅರ್ಧ ಜನ, ರಜೆ ಬಂದರೆ ಯಾರೂ ಇಲ್ಲ. ದಸರಾ, ಸಂಕ್ರಾಂತಿ, ಊರ ಹಬ್ಬ ಬೇರೆ. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟು ಮಗ, ಸೊಸೆ ಕೂರುವವರಿಗೆ ಈ ಲೆಕ್ಕ ಗಿಟ್ಟುತ್ತದೆ. ಕಂಪನಿಗೆ ಗಿಟ್ಟುವುದಿಲ್ಲ.

ಮಣಿಪಾಲದಲ್ಲಿ ಹೀಗಿಲ್ಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದಾಗಿನಿಂದ ಅದು ಹೊರಗಿನ ಊರಿನವರು ಬಂದು ನೆಲೆಸಿ ಓದುವ ಗುಡ್ಡ. ಸಂಜೆ ಐದಕ್ಕೆ ಕ್ಲಾಸು ಮುಗಿದರೆ ಟೈಗರ್ ಸರ್ಕಲ್ಲಿನಲ್ಲಿ ವ್ಯಾಪಾರ ಶುರು. ಹಾಸ್ಟೆಲಿನವರ ರಾತ್ರಿ ಹತ್ತರ ಹಸಿವು, ಕೋಣೆ ಹಂಚಿಕೊಂಡವರ ಬಕೆಟ್ಟು, ಹ್ಯಾಂಗರು, ಎಕ್ಸ್‌ಟೆನ್ಷನ್ ವೈರು, ಹುಟ್ಟುಹಬ್ಬದ ಕೇಕು ಎಲ್ಲವೂ ಕಾಲೇಜಿನ ಸುತ್ತಲೇ ಆಗಬೇಕು. ಪಿಜ್ಜಾ, ಬರ್ಗರ್ ಕಂಪನಿಗಳು ಜಿಲ್ಲಾ ಕೇಂದ್ರಕ್ಕೂ ಮುಂಚೆ ಇಂಥ ಊರುಗಳನ್ನು ಹುಡುಕಿಕೊಂಡು ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಈಚೆಗೆ ಇಂಥ ಕಡೆಯ ಹಾಸ್ಟೆಲುಗಳಿಗೆ ಬೀದಿಗೆ ಮುಖವೇ ಇಲ್ಲದ ಅಂಗಡಿಯೂ ಬಂದಿದೆ. ಇನ್‌ಸ್ಟಾಮಾರ್ಟ್, ಬ್ಲಿಂಕಿಟ್, ಜೆಪ್ಟೊಗಳು ಊರೊಳಗಿನ ಗೋದಾಮಿನಿಂದ ನಿಮಿಷಗಳಲ್ಲಿ ಚಿಪ್ಸ್ ಪೊಟ್ಟಣವನ್ನು ಗೇಟಿಗೆ ಮುಟ್ಟಿಸುತ್ತವೆ.

ಹದಿನಾರಿನಿಂದ ಬರುವ ಹುಡುಗಿಗೆ ಈ ರಾತ್ರಿ ಇಲ್ಲ. ಅವಳ ಹಸಿವಿಗೆ ಉತ್ತರ ಬೆಳಗ್ಗೆ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ, ರಾತ್ರಿಗೆ ಮನೆಯ ಮುದ್ದೆ. ಸೋಪು, ಎಣ್ಣೆ ಮನೆಯ ದಿನಸಿ ಜೊತೆಗೇ ಬರುತ್ತವೆ. ಕಾಲೇಜಿನ ಊರಿನಲ್ಲಿ ಅವಳು ಖರ್ಚು ಮಾಡುವುದು ಎರಡೇ ಹೊತ್ತು: ಮಧ್ಯಾಹ್ನದ ಬಿಡುವಿನಲ್ಲಿ ಸ್ವಲ್ಪ, ಬಸ್ಸು ಕಾಯುವಾಗ ಸ್ವಲ್ಪ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನ ಟಿಕೆಟ್ ದುಡ್ಡು ಉಳಿಯಿತು. ಪಾಸಿಗೆಂದೋ ಟಿಕೆಟ್ಟಿಗೆಂದೋ ಮನೆಯಲ್ಲಿ ಕೊಡುತ್ತಿದ್ದ ಹಣ ಎಲ್ಲರ ಕೈಯಲ್ಲೂ ಹಾಗೇ ಉಳಿಯಿತು ಎನ್ನಲಾಗದು, ಆದರೆ ಸ್ವಲ್ಪ ದೂರದ ಕಾಲೇಜಿಗೂ ಸೇರಬಹುದು ಎಂಬ ಧೈರ್ಯ ಬಂತು. ಬಸ್ಸುಗಳಲ್ಲಿ ನೂಕುನುಗ್ಗಲಾಯಿತು, ನಿಲ್ದಾಣದಲ್ಲಿ ಕಾಯುವ ಹೊತ್ತು ಹೆಚ್ಚಿತು. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇದೆ ಎಂದರೆ ಆ ಇಪ್ಪತ್ತು ನಿಮಿಷಕ್ಕೆ ಒಂದು ಅಂಗಡಿ ಬೇಕು. ತಾಲ್ಲೂಕು ಊರಿನಲ್ಲಿ ಕಾಲೇಜಿನ ನಿಜವಾದ ಗೇಟು ಬಸ್ ನಿಲ್ದಾಣವೇ. ಚುರುಮುರಿ ಗಾಡಿ, ಜ್ಯೂಸ್ ಸೆಂಟರು, ಬಳೆ ಕ್ಲಿಪ್ಪಿನ ಫ್ಯಾನ್ಸಿ ಸ್ಟೋರು, ಸ್ಕಾಲರ್‌ಶಿಪ್ ಅರ್ಜಿ, ಪರೀಕ್ಷಾ ಶುಲ್ಕ ಎಂದು ಆನ್‌ಲೈನ್ ಫಾರಂ ತುಂಬಿಕೊಡುವ ಜೆರಾಕ್ಸ್ ಅಂಗಡಿಗಳೆಲ್ಲ ಅಲ್ಲೇ ಸುತ್ತಮುತ್ತ ಇರುವುದು ಇದಕ್ಕೇ.

ನಂಜನಗೂಡಿನಿಂದ ಹೊರಟು ನಂಜನಗೂಡಿಗೇ

ಕಂಪನಿಗಳ ಮಳಿಗೆ ಬಾರದಿದ್ದರೂ ಕಂಪನಿಗಳ ಸರಕು ಬಾರದೆ ಇರುವುದಿಲ್ಲ. ದೊಡ್ಡವರು ಅಂಗಡಿಯ ಗಾತ್ರ ಇಳಿಸುವ ಬದಲು ಪೊಟ್ಟಣದ ಗಾತ್ರ ಇಳಿಸಿದರು. ಐದು, ಹತ್ತು ರೂಪಾಯಿಯ ಬಿಸ್ಕತ್ತು, ಒಂದೆರಡು ರೂಪಾಯಿಯ ಶಾಂಪೂ ಸ್ಯಾಷೆ, ಒಂದು ಲೋಟಕ್ಕಾಗುವಷ್ಟು ಕಾಫಿ ಪುಡಿ ಗೂಡಂಗಡಿಯ ಮುಂದೆ ಮಾಲೆಯಾಗಿ ತೂಗುತ್ತಿರುತ್ತವೆ.

ಈ ವಿಷಯದಲ್ಲಿ ನಂಜನಗೂಡಿಗೆ ಒಂದು ವಿಶೇಷ ಪಾತ್ರವಿದೆ. ನೆಸ್ಲೆ ಕಂಪನಿ 1989ರಲ್ಲಿ ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ ಶುರುಮಾಡಿತು. ಇನ್‌ಸ್ಟಂಟ್ ಕಾಫಿ, ಮ್ಯಾಗಿ ನೂಡಲ್ಸ್ ಇಲ್ಲಿ ತಯಾರಾಗುತ್ತವೆ. ದೇಶದ ಹಾಸ್ಟೆಲು ಕೋಣೆಗಳಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಕುದಿಯುವ ಎರಡು ಮುಖ್ಯ ಪದಾರ್ಥ ಇವೇ. ಸೀಸದ ಅಂಶ ಮಿತಿ ಮೀರಿದೆ ಎಂಬ ಆರೋಪದ ಮೇಲೆ 2015ರ ಜೂನ್‌ನಲ್ಲಿ ಮ್ಯಾಗಿಯನ್ನು ದೇಶವಿಡೀ ನಿಷೇಧಿಸಿದಾಗ ಕಾಲೇಜು ಪಕ್ಕದ ‘ಮ್ಯಾಗಿ ಪಾಯಿಂಟ್’ಗಳಿಗೆ ಕೆಲಸವಿಲ್ಲದಂತಾಯಿತು. ಬಾಂಬೆ ಹೈಕೋರ್ಟಿನ ಆದೇಶದಂತೆ ಮರುಪರೀಕ್ಷೆ ನಡೆದು ಅಕ್ಟೋಬರಿನಲ್ಲಿ ತಯಾರಿಕೆ ಮತ್ತೆ ಶುರುವಾದಾಗ ಮೊದಲು ಓಡಿದ ಕಾರ್ಖಾನೆಗಳಲ್ಲಿ ಪಂಜಾಬಿನ ಮೋಗಾ, ಗೋವಾದ ಬಿಚೋಲಿಂ ಜೊತೆಗೆ ನಂಜನಗೂಡಿನದೂ ಒಂದು. ನವೆಂಬರಿನಲ್ಲಿ ಹಳದಿ ಪೊಟ್ಟಣ ಅಂಗಡಿಗೆ ಮರಳಿತು.

ನೆಸ್ಲೆಗೂ ಮುಂಚೆಯೇ ಚಿಕ್ಕ ಪೊಟ್ಟಣದ ವ್ಯಾಪಾರವನ್ನು ಈ ಊರು ಕಂಡಿತ್ತು. 1913ರಲ್ಲಿ ಬಿ.ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ‘ನಂಜನಗೂಡು ಹಲ್ಲುಪುಡಿ’ ದಶಕಗಳ ಕಾಲ ಊರು ಬಿಟ್ಟು ಓದಲು ಹೋದವರ ಟ್ರಂಕಿನಲ್ಲಿ ಕಾಯಂ ಆಗಿ ಇರುತ್ತಿತ್ತು.

ಹಸುವಿನ ಮನೆಯಿಂದ ಪಾರ್ಲರಿಗೆ

ಹಾಗಾದರೆ ತಾಲ್ಲೂಕು ಊರಿನ ವಿದ್ಯಾರ್ಥಿಯ ಹತ್ತಿರಕ್ಕೆ ಬಂದ ಸರಪಳಿ ಅಂಗಡಿ ಯಾವುದೂ ಇಲ್ಲವೇ? ಇದೆ, ಆದರೆ ಅದನ್ನು ಯಾರೂ ಹಾಗೆ ಕರೆಯುವುದಿಲ್ಲ. ಅದು ನಂದಿನಿ ಪಾರ್ಲರ್. ಬೋರ್ಡು ಒಂದೇ ಥರ, ಬೆಲೆ ಒಂದೇ, ಸರಕು ಒಂದೇ, ಗಾತ್ರ ಒಂದು ಕೋಣೆಯಷ್ಟು ಅಥವಾ ಅದಕ್ಕಿಂತಲೂ ಚಿಕ್ಕದು. ಬಸ್ ನಿಲ್ದಾಣ, ಆಸ್ಪತ್ರೆ, ಕಾಲೇಜು ಆವರಣ ಎಲ್ಲೆಲ್ಲಿ ಜನ ನಿಮಿಷಗಳ ಲೆಕ್ಕದಲ್ಲಿ ನಿಲ್ಲುತ್ತಾರೋ ಅಲ್ಲೆಲ್ಲ ಜಾಗ ಹಿಡಿದಿದೆ. ಹಾಪ್‌ಕಾಮ್ಸ್‌ನ ಹಣ್ಣು ತರಕಾರಿ ಮಳಿಗೆಗಳೂ ಇದೇ ಜಾತಿಯವು. ತೋಟಗಾರಿಕೆ ತಜ್ಞ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು ಅದು. ಆದರೆ ಅದರ ಹರವು ಹೆಚ್ಚಾಗಿ ಬೆಂಗಳೂರಿನ ಸುತ್ತ. ನಂದಿನಿಯ ಹರವು ಇಡೀ ರಾಜ್ಯ.

ಅದಕ್ಕೆ ಲೆಕ್ಕ ಗಿಟ್ಟುವುದಾದರೂ ಹೇಗೆ? ಬೆಳಗಿನ ಹಾಲೇ ಆಧಾರ. ಐದು ಗಂಟೆಗೆ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಬಂದಿಳಿಯುವ ನೀಲಿ ಪ್ಯಾಕೆಟ್ಟುಗಳನ್ನು ಅಕ್ಕಪಕ್ಕದ ಮನೆಯವರು ಎಂಟರೊಳಗೆ ಖಾಲಿ ಮಾಡುತ್ತಾರೆ. ವಿದ್ಯಾರ್ಥಿಗಳು ಬರುವ ಹೊತ್ತಿಗೆ ಅಂಗಡಿಯ ಅರ್ಧ ದಿನದ ಖರ್ಚು ಹುಟ್ಟಿರುತ್ತದೆ. ಆಮೇಲೆ ಬರುವ ಮಜ್ಜಿಗೆ, ಬಾದಾಮಿ ಹಾಲು, ಪೇಡ, ಐಸ್‌ಕ್ರೀಮು ಮೇಲಿನ ವ್ಯಾಪಾರ. ಕಾಲೇಜಿಗೆ ರಜೆ ಕೊಟ್ಟರೂ ಊರಿನವರು ಕಾಫಿ ಬಿಡುವುದಿಲ್ಲವಲ್ಲ. ವಿದ್ಯಾರ್ಥಿಗಳನ್ನಷ್ಟೇ ನಂಬಿದ ಅಂಗಡಿ ಬೇಸಿಗೆಯಲ್ಲಿ ಒಣಗುತ್ತದೆ, ಪಾರ್ಲರಿಗೆ ಬೇಸಿಗೆಯೇ ಸುಗ್ಗಿ.

ಇನ್ನೊಂದು ಕೊಂಡಿ ಹಳ್ಳಿಯಲ್ಲಿದೆ. 1974ರಲ್ಲಿ ಹೈನು ಅಭಿವೃದ್ಧಿ ನಿಗಮವಾಗಿ ಶುರುವಾಗಿ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾದ, ನಂದಿನಿಯ ಹಿಂದಿರುವ ಈ ವ್ಯವಸ್ಥೆಗೆ ಮೂರು ಮೆಟ್ಟಿಲು: ಹಳ್ಳಿಯ ಹಾಲು ಉತ್ಪಾದಕರ ಸಂಘ, ಜಿಲ್ಲೆಯ ಒಕ್ಕೂಟ, ರಾಜ್ಯದ ಮಹಾಮಂಡಳ. ಮೈಸೂರು ಜಿಲ್ಲೆಯ ಒಕ್ಕೂಟ ಮೈಮುಲ್. ನಂಜನಗೂಡು, ತಿ. ನರಸೀಪುರ ಸೀಮೆಯ ಹಳ್ಳಿಗಳಲ್ಲಿ ಬೆಳಗ್ಗೆ ಸಂಜೆ ‘ಡೇರಿಗೆ ಹಾಲು ಹಾಕೋದು’ ಹೆಚ್ಚಾಗಿ ಹೆಂಗಸರ ಕೆಲಸ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತು, ಹಾಲಿನ ಡಿಗ್ರಿ, ಫ್ಯಾಟು ನೋಡಿಸಿ, ಚೀಟಿ ತಗೊಂಡು ಬರುತ್ತಾರೆ. ಸರ್ಕಾರದ ಪ್ರೋತ್ಸಾಹಧನ ಬೇರೆ. ಬಟವಾಡೆ ದುಡ್ಡು ಬ್ಯಾಂಕಿಗೆ ಬಿದ್ದ ವಾರ ಮಗಳ ಕಾಲೇಜು ಖರ್ಚಿಗೆ ಕೈ ಸ್ವಲ್ಪ ಸಡಿಲ. ಅಮ್ಮ ಹಾಕಿದ ಹಾಲಿನ ದುಡ್ಡಿನಲ್ಲಿ ಮಗಳು ತಾಲ್ಲೂಕು ಊರಿಗೆ ಹೋಗಿ ಅದೇ ಒಕ್ಕೂಟದ ಮಜ್ಜಿಗೆ ಪ್ಯಾಕೆಟ್ಟು ಕುಡಿಯುತ್ತಾಳೆ. ಗಿರಾಕಿಯ ಮನೆಯಿಂದಲೇ ಸರಕು ಕೊಳ್ಳುವ ಸರಪಳಿ ಅಂಗಡಿ ಜಗತ್ತಿನಲ್ಲಿ ಬಹಳ ಇಲ್ಲ.

ಇಂಥ ಚಿಕ್ಕ ಜಾಗಗಳಿಗೆ ಈಗ ಎಷ್ಟು ಬೆಲೆ ಬಂದಿದೆ ಎಂಬುದಕ್ಕೆ 2025ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ನಡೆದದ್ದೇ ಸಾಕ್ಷಿ. ನಮ್ಮ ಮೆಟ್ರೊದ ಹತ್ತು ನಿಲ್ದಾಣಗಳ ಪುಟ್ಟ ಮಳಿಗೆಗಳು ಅಮುಲ್ ಪಾಲಾದವು ಎಂದು ತಿಳಿದಾಗ ಗದ್ದಲವೆದ್ದಿತು. ಅಷ್ಟರಲ್ಲಿ ಎರಡು ಕಡೆ ಅಮುಲ್ ಅಂಗಡಿ ತೆರೆದಾಗಿತ್ತು. ಉಳಿದ ಎಂಟನ್ನು ನಂದಿನಿಗೆ ಕೊಡಿಸುವುದಾಗಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಬೇಕಾಯಿತು. ಟೆಂಡರಿಗೆ ನಂದಿನಿಯವರು ಅರ್ಜಿಯನ್ನೇ ಹಾಕಿರಲಿಲ್ಲ ಎಂಬ ಮಾತೂ ಆಗ ಬಂತು.

ನೋಟುಬುಕ್ಕು ಹೋಗಿ ಕ್ಯೂಆರ್ ಬಂತು

ಸರಪಳಿ ಅಂಗಡಿಗೂ ಬೀದಿ ಅಂಗಡಿಗೂ ಇದ್ದ ದೊಡ್ಡ ವ್ಯತ್ಯಾಸ ಸಾಲ. ಕಂಪ್ಯೂಟರ್ ಬಿಲ್ಲಿನಲ್ಲಿ ‘ಸೋಮವಾರ ಕೊಡ್ತೀನಿ’ ಎಂಬ ಕಾಲಂ ಇಲ್ಲ. 2016ರಲ್ಲಿ ಯುಪಿಐ ಬಂದು, ಕೋವಿಡ್ ಕಾಲದಲ್ಲಿ ಎಲ್ಲರ ಫೋನಿಗೂ ಇಳಿದ ಮೇಲೆ ಆ ವ್ಯತ್ಯಾಸ ತೆಳುವಾಯಿತು. ಹುಡುಗನ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಪಕ್ಕದವನು ಸ್ಕ್ಯಾನ್ ಮಾಡುತ್ತಾನೆ. ಸಾಲ ಅಂಗಡಿಯ ಪುಸ್ತಕದಿಂದ ಗೆಳೆಯರ ವಾಟ್ಸ್ಆ್ಯಪ್ ಗುಂಪಿಗೆ ವರ್ಗವಾಯಿತು.

ಅಂಗಡಿಯವರಿಗೆ ಇದರಿಂದ ಚಿಲ್ಲರೆಯ ತಾಪತ್ರಯ ತಪ್ಪಿತು, ಇನ್ನೊಂದು ಅಂಟಿಕೊಂಡಿತು. 2025ರ ಮಧ್ಯದಲ್ಲಿ ರಾಜ್ಯ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟನ್ನು ಆಧಾರವಾಗಿಟ್ಟುಕೊಂಡು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕೆಂಬುದು ನಿಯಮ. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಯವರು ಬೆಚ್ಚಿದರು. ಬೆಂಗಳೂರಿನಲ್ಲಿ ಹಲವರು ಕ್ಯೂಆರ್ ಸ್ಟಿಕ್ಕರ್ ಕಿತ್ತು ‘ಕ್ಯಾಷ್ ಮಾತ್ರ’ ಎಂದು ಬರೆದು ಹಾಕಿದರು. ಮಾರಿದ್ದರಲ್ಲಿ ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕು ಎಷ್ಟು, ಮನೆಯವರು ಕಳಿಸಿದ ದುಡ್ಡೆಷ್ಟು ಎಂದು ವಿಂಗಡಿಸುವ ಲೆಕ್ಕ ಅವರಲ್ಲಿ ಇರಲಿಲ್ಲ. ಬಂದ್ ಕರೆಯ ನಡುವೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾತ್ರ ಮಾಡಿಸಿಕೊಳ್ಳಬೇಕು ಎಂದರು. ಬಂದ್ ನಿಂತಿತು. ಲೆಕ್ಕಪತ್ರ ಇಡುವವರನ್ನು ಮೊದಲೇ ಸಂಬಳ ಕೊಟ್ಟು ಇಟ್ಟುಕೊಂಡಿರುವ ಕಂಪನಿ ಮಳಿಗೆಗಳಿಗೆ ಆಗ ಇಂಥ ತಲೆನೋವು ಇರಲಿಲ್ಲ.

ಕಾಲೇಜು ಪಕ್ಕದ ಅಂಗಡಿಗೆ ಇನ್ನೂ ಒಂದು ಗೆರೆ ಇದೆ. 2003ರ ಕೇಂದ್ರ ಕಾನೂನಿನ ಪ್ರಕಾರ ಯಾವುದೇ ಶಿಕ್ಷಣ ಸಂಸ್ಥೆಯಿಂದ ನೂರು ಗಜದೊಳಗೆ ಬೀಡಿ, ಸಿಗರೇಟು, ಗುಟ್ಕಾ ಮಾರುವಂತಿಲ್ಲ. ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿದೆ. ಅಂದರೆ ಪದವಿ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಈಗ ಆ ಗೆರೆಯ ಒಳಗೆ. ಗೂಡಂಗಡಿಯವರಿಗೆ ಸಿಗರೇಟು ಬಿಟ್ಟರೆ ಗಿರಾಕಿ ಬಿಟ್ಟಂತೆ. ಹಾಲು, ಬ್ರೆಡ್ಡು ಮಾರುವ ಪಾರ್ಲರಿಗೆ ಈ ಕಾನೂನಿನಿಂದ ಕಳೆದುಕೊಳ್ಳುವುದೇನೂ ಇಲ್ಲ. ಕಾಲೇಜು ಆಡಳಿತಗಳು ಆವರಣದೊಳಗೆ ಜಾಗ ಕೊಡುವಾಗ ಇಂಥ ಅಂಗಡಿಯನ್ನು ಒಪ್ಪುವುದಕ್ಕೆ ಇದೂ ಒಂದು ಕಾರಣ.

ಕೌಂಟರಿನ ಆಚೆ ಬದಿ

ವಿದ್ಯಾರ್ಥಿಯನ್ನು ಗಿರಾಕಿ ಎಂದು ನೋಡುವ ಈ ಲೆಕ್ಕದಲ್ಲಿ, ಡಿಗ್ರಿ ಮುಗಿಸಿದ ಮೇಲೆ ಅವಳೇ ಕೌಂಟರಿನ ಆಚೆ ನಿಲ್ಲುವ ವಿಷಯ ಮರೆತುಹೋಗುತ್ತದೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಿಂದ ಮೈಸೂರಿನ ಬಟ್ಟೆ ಅಂಗಡಿ, ಮೆಡಿಕಲ್ ಸ್ಟೋರು, ಸೂಪರ್ ಮಾರ್ಕೆಟ್ಟುಗಳಿಗೆ ದಿನಾ ಬಸ್ಸಿನಲ್ಲೋ ಚಾಮರಾಜನಗರದ ರೈಲಿನಲ್ಲೋ ಹೋಗಿಬರುವ ಹೆಣ್ಣುಮಕ್ಕಳಿದ್ದಾರೆ. ಶಕ್ತಿ ಬಂದ ಮೇಲೆ ಸಂಬಳದಲ್ಲಿ ಬಸ್‌ಚಾರ್ಜಿನ ಪಾಲು ಉಳಿಯುತ್ತಿದೆ. ಆದರೆ ವ್ಯಾಪಾರದ ಭರಾಟೆ ಇರುವುದು ಸಂಜೆ ಆರರಿಂದ ಒಂಬತ್ತರವರೆಗೆ. ಹಳ್ಳಿಗೆ ಹೋಗುವ ಕೊನೆಯ ಬಸ್ಸು ಅದಕ್ಕೆ ಕಾಯುವುದಿಲ್ಲ. ಊರಿನ ಹತ್ತಿರವೇ, ತಾಲ್ಲೂಕು ಕೇಂದ್ರದಲ್ಲೇ ಒಂದು ಚಿಕ್ಕ ಮಳಿಗೆ ಬಂದರೆ ಇಂಥವರಿಗೆ ಅದು ಗಿರಾಕಿಯಾಗಿ ಆಗುವ ಅನುಕೂಲಕ್ಕಿಂತ ಕೆಲಸವಾಗಿ ಆಗುವ ಅನುಕೂಲ ದೊಡ್ಡದು.

ಅಲ್ಲೂ ಒಂದು ಸಂದು ಇದೆ. 2021ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅಂಗಡಿಗಳು ದಿನದ 24 ಗಂಟೆ ತೆರೆದಿರಲು ಮೂರು ವರ್ಷಗಳ ಮಟ್ಟಿಗೆ ಅನುಮತಿ ಕೊಟ್ಟಾಗ, ಹೆಣ್ಣುಮಕ್ಕಳನ್ನು ಸಾಮಾನ್ಯವಾಗಿ ರಾತ್ರಿ ಎಂಟರ ಮೇಲೆ ದುಡಿಸಬಾರದು, ದುಡಿಸುವುದಾದರೆ ಅವರ ಲಿಖಿತ ಒಪ್ಪಿಗೆ, ವಾಹನ ವ್ಯವಸ್ಥೆ, ಭದ್ರತೆ ಇರಬೇಕು ಎಂಬ ಷರತ್ತು ಹಾಕಿತ್ತು. ಆ ಆದೇಶ ಅನ್ವಯಿಸಿದ್ದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಅಂಗಡಿಗಳಿಗೆ. ನಾಲ್ಕು ಜನ ನಡೆಸುವ ಕಾಲೇಜು ಪಕ್ಕದ ಮಳಿಗೆ ಆ ಲೆಕ್ಕಕ್ಕೆ ಬರಲಿಲ್ಲ. ಅಂಥ ಅಂಗಡಿ ರಾತ್ರಿ ಎಷ್ಟಕ್ಕೆ ಶಟರ್ ಎಳೆಯುತ್ತದೆ, ಕೆಲಸದ ಹುಡುಗಿ ಎಷ್ಟು ಗಂಟೆಯ ಬಸ್ಸು ಹತ್ತುತ್ತಾಳೆ ಎಂಬುದನ್ನು ಮಾಲೀಕರು ಮತ್ತು ಸಾರಿಗೆ ಸಂಸ್ಥೆಯ ವೇಳಾಪಟ್ಟಿ ಸೇರಿ ತೀರ್ಮಾನಿಸುತ್ತವೆ.